‘ಕನ್ನಡ’ ಪದದೊಳಗಿದ್ದ ಪೌಂಡ್ ಚಿಹ್ನೆ

ಭಾಗ 1

ಮನೆಯಲ್ಲೋ ಕಾಲೇಜ್ ಲ್ಯಾಬಲ್ಲೋ ಹಳೇ ವಿಂಡೋಸ್ ಕಂಪ್ಯೂಟರ್ ಇದ್ರೆ ಒಂದು ಕೆಲಸ ಮಾಡಿ. ವರ್ಡ್ ತೆಗೆದು ಫಾಂಟ್ ಪಟ್ಟಿಯಲ್ಲಿ ಕೆಳಗೆ ಇಳೀತಾ ಹೋಗಿ. ‘ಟೈಮ್ಸ್ ನ್ಯೂ ರೋಮನ್’ ದಾಟಿ ಸ್ವಲ್ಪ ಮುಂದೆ ‘ತುಂಗಾ’ ಅಂತ ಒಂದು ಸಿಗುತ್ತೆ. ಹೌದು ಮಾರಾಯ್ರೆ, ತುಂಗಾ. ಶೃಂಗೇರಿ ಮಠದ ಮೆಟ್ಟಿಲ ಹತ್ರ ಮೀನಿಗೆ ಮಂಡಕ್ಕಿ ಹಾಕ್ತೀವಲ್ಲ, ಆ ಹೊಳೆಯ ಹೆಸರು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಮೈಕ್ರೋಸಾಫ್ಟ್ ಕನ್ನಡಕ್ಕೆ ಕೊಟ್ಟ ಫಾಂಟ್ ಅದು. ತೆಲುಗಿನದು ಗೌತಮಿ, ತಮಿಳಿನದು ಲತಾ, ಮಲಯಾಳಂದು ಕಾರ್ತಿಕಾ. ವಿಂಡೋಸ್ 10ರಿಂದ ಈಚೆಗೆ ತುಂಗಾ ತಾನಾಗೇ ಬರಲ್ಲ. ಅದರ ಜಾಗದಲ್ಲಿ ‘ನಿರ್ಮಲಾ ಯುಐ’ ಕೂತಿದೆ. ತುಂಗಾ ಬೇಕಂದ್ರೆ ಸೆಟ್ಟಿಂಗ್ಸ್‌ಗೆ ಹೋಗಿ ಹಾಕಿಸ್ಕೋಬೇಕು.

ಇವತ್ತು ಒಂದು ವೆಬ್ ಪೇಜ್ ಪೂರ್ತಿ ಒಂದೇ ಥರದ ಅಕ್ಷರ ಬೇಕು ಅಂದ್ರೆ ಸಿಎಸ್ಎಸ್‌ನಲ್ಲಿ ಒಂದು ಸಾಲು ಬರೆದ್ರೆ ಆಯ್ತು. ಇಂಗ್ಲಿಷ್ ಪೇಜಿಗೆ ಆ ಸಾಲು ಬಟ್ಟೆ ಇದ್ದ ಹಾಗೆ. ಇದ್ರೆ ಚಂದ, ಇಲ್ಲದಿದ್ರೆ ಸ್ವಲ್ಪ ಪೇಲವ, ಅಷ್ಟೆ. ಕನ್ನಡಕ್ಕೆ ಬಹಳ ವರ್ಷ ಹಾಗಿರ್ಲಿಲ್ಲ. ಆ ಸಾಲು ತಪ್ಪಿದ್ರೆ ಪೇಜಲ್ಲಿ ಕನ್ನಡವೇ ಇರ್ತಿರ್ಲಿಲ್ಲ. ಈ ಸರಣಿ ಅದರ ಕಥೆ. ಕೋಡಿಂಗ್ ಬರಬೇಕಿಲ್ಲ, ನಾನೂ ಬಿಕಾಂ.

ಭಾಗ 2

ಕಂಪ್ಯೂಟರ್‌ಗಿಂತ ಮುಂಚೆ ಕಲ್ಲಿಗೆ ಹೋಗೋಣ.

ಬಿ.ಎಲ್. ರೈಸ್ ಹೆಸರು ಕೇಳಿರ್ತೀರಿ. ಬೆಂಗಳೂರಲ್ಲೇ ಹುಟ್ಟಿದವರು, ಮೈಸೂರು ಸಂಸ್ಥಾನದ ಶಾಸನಗಳನ್ನ ಊರೂರು ಹುಡುಕಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಅನ್ನೋ 12 ಸಂಪುಟ ತಂದವರು. ಅದರ 6ನೇ ಸಂಪುಟ ಆಗಿನ ಕಡೂರು ಜಿಲ್ಲೆಯದ್ದು, 1901ರಲ್ಲಿ ಬಂತು. ನಮ್ಮ ಕೊಪ್ಪ, ಶೃಂಗೇರಿ ಎರಡೂ ಅದರಲ್ಲಿವೆ. ಎನ್.ಆರ್. ಪುರ ಅಂತ ಹುಡುಕಿದ್ರೆ ಸಿಗಲ್ಲ, ಆ ಊರು ಆಗಿನ್ನೂ ಎಡೇಹಳ್ಳಿ. ಯುವರಾಜ ನರಸಿಂಹರಾಜ ಒಡೆಯರ ಹೆಸರು ಅದಕ್ಕೆ ಬಂದಿದ್ದು ಆಮೇಲೆ.

ಈ ಪುಸ್ತಕದಲ್ಲಿ ನೋಡಬೇಕಾದ್ದು ಏನು ಗೊತ್ತಾ? ಒಳಗಿನ ಕಲ್ಲುಗಳು ನೂರಾರು ವರ್ಷಗಳ ಅಂತರದವು. 1346ರಲ್ಲಿ ವಿಜಯನಗರದ ಹರಿಹರ ಮತ್ತು ತಮ್ಮಂದಿರು ಶೃಂಗೇರಿಗೆ ಕೊಟ್ಟ ದಾನದ ಶಾಸನವೂ ಅಲ್ಲಿದೆ, ಅದಕ್ಕಿಂತ ಹಳೇದೂ ಇವೆ, ಹೊಸದೂ ಇವೆ. ಒಂದೊಂದು ಕಲ್ಲು ಒಂದೊಂದು ಕೈಯ ಕೆತ್ತನೆ. ಒಬ್ಬನ ‘ಮ’ ದುಂಡಗೆ, ಇನ್ನೊಬ್ಬನದು ಚೌಕ. ಆದರೆ ಪುಸ್ತಕದಲ್ಲಿ ಎಲ್ಲಾ ಒಂದೇ ಅಚ್ಚುಮೊಳೆಯಲ್ಲಿ, ಒಂದೇ ಅಳತೆಯಲ್ಲಿ ನಿಂತಿವೆ. ಕಲ್ಲಲ್ಲಿ ಓದೋಕಾಗದ ನೀವು ನಾನು ಪುಸ್ತಕದಲ್ಲಿ ತಡವರಿಸಿಕೊಂಡಾದ್ರೂ ಓದಬಹುದು.

ಅಂದ್ರೆ ರೈಸ್ ಕಡೆಯವರು ಅಕ್ಷರ ಯಾವುದು ಅನ್ನೋದನ್ನ ಕಲ್ಲಿಂದ ತಗೊಂಡ್ರು. ಅಕ್ಷರ ಹೇಗೆ ಕಾಣಬೇಕು ಅನ್ನೋದನ್ನ ಅಚ್ಚುಕೂಟಕ್ಕೆ ಬಿಟ್ರು. ಇದರಲ್ಲಿ ನಷ್ಟವೂ ಇದೆ, ಮುಚ್ಚಿಡೋದು ಬೇಡ. ಶಾಸನದಲ್ಲಿ ಇಸವಿ ಇಲ್ಲದಿದ್ರೆ ಅಕ್ಷರದ ಆಕಾರ ನೋಡಿಯೇ ಕಾಲ ಹೇಳ್ತಾರೆ. ಒಂದೇ ಮೊಳೆಗೆ ಇಳಿಸಿದ ತಕ್ಷಣ ಆ ಸಾಕ್ಷಿ ಹೋಯ್ತು. ಹಾಗಾಗಿ ಪುಸ್ತಕ ಬಂತು ಅಂತ ಕಲ್ಲನ್ನ ಯಾರೂ ಬಿಸಾಕಬಾರದು. (ಬಟ್ಟೆ ಒಗೆಯೋ ಕಲ್ಲಾಗಿರೋ ಶಾಸನ ಎಲ್ಲಾದ್ರೂ ಕಂಡ್ರೆ ಫೋಟೋ ತೆಗೆದು ಹಾಕಿ ದಯವಿಟ್ಟು.)

ಅಚ್ಚುಮೊಳೆ ರೈಸ್‌ಗಿಂತ ಬಹಳ ಹಿಂದಿನದು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯ್ತು. ಮಂಗಳೂರಿನ ಬಾಸೆಲ್ ಮಿಶನ್ 1894ರಲ್ಲಿ ಕಿಟ್ಟೆಲ್ ನಿಘಂಟು ತಂತು. ಅಚ್ಚುಕೂಟದಲ್ಲಿ ಪುಸ್ತಕ ಪೂರ್ತಿ ಒಂದೇ ಥರ ಕಾಣೋಕೆ ದೊಡ್ಡ ತಂತ್ರ ಏನಿಲ್ಲ. ಒಂದೇ ಪೆಟ್ಟಿಗೆಯ ಮೊಳೆ ಬಳಸಿದ್ರೆ ಆಯ್ತು. ಮೊಳೆಯೂ ಅಕ್ಷರವೂ ಅಲ್ಲಿ ಒಂದೇ ವಸ್ತು. ಕಂಪ್ಯೂಟರಲ್ಲಿ ಕನ್ನಡ ಎಡವಿದ್ದು ಇದೇ ಜಾಗದಲ್ಲಿ.

ಭಾಗ 3

ಆಗಿನ ಒಂದು ಫಾಂಟಲ್ಲಿ ಇದ್ದದ್ದು 256 ಖಾನೆ. ಅದರಲ್ಲೂ ಎಲ್ಲವೂ ಬಳಕೆಗೆ ಸಿಗ್ತಿರ್ಲಿಲ್ಲ. ಇಂಗ್ಲಿಷಿಗೆ ಅದು ಧಾರಾಳ. ನಮಗೆ? ಕಾಗುಣಿತ, ಒತ್ತಕ್ಷರ, ಅರ್ಕಾವೊತ್ತು ಎಲ್ಲ ಲೆಕ್ಕ ಹಾಕಿ. ಸಾಲಲ್ಲ. ಅದಕ್ಕೆ ಫಾಂಟ್ ಮಾಡೋರು ಅಕ್ಷರವನ್ನ ತುಂಡು ಮಾಡಿದ್ರು. ತಲೆಕಟ್ಟು ಬೇರೆ, ಹೊಟ್ಟೆ ಬೇರೆ, ಒತ್ತು ಬೇರೆ. ಆ ತುಂಡುಗಳನ್ನ ಇಂಗ್ಲಿಷ್ ಅಕ್ಷರಗಳ ಖಾನೆಗೆ ತುಂಬಿದ್ರು.

‘ನುಡಿ’ಯ ಹಳೇ ಫಾಂಟಲ್ಲಿ ನೀವು ‘ಕನ್ನಡ’ ಅಂತ ಟೈಪ್ ಮಾಡಿದ್ರೆ ಫೈಲ್ ಒಳಗೆ ಕೂರೋದು ಏನು ಗೊತ್ತಾ? ಮೊದಲು ಇಂಗ್ಲಿಷಿನ ‘ಪಿ’. ಅದರ ಪಕ್ಕ ನೆತ್ತಿ ಮೇಲೆ ಓರೆ ಗೀಟಿರೋ ‘ಎ’, ಅದು ತಲೆಕಟ್ಟು. ಆಮೇಲೆ ಬ್ರಿಟಿಷ್ ಪೌಂಡ್ ಚಿಹ್ನೆ, ಅದು ‘ನ’ದ ಹೊಟ್ಟೆ. ಮತ್ತೆ ತಲೆಕಟ್ಟು. ನ-ಒತ್ತಿನ ಜಾಗಕ್ಕೆ ಜರ್ಮನ್ ಭಾಷೆಯ ಒಂದು ‘ಎಸ್’. ಕೊನೆಗೆ ‘ಕ್ಯೂ’, ಇನ್ನೊಂದು ತಲೆಕಟ್ಟು. ಫಾರಿನ್ ಎಕ್ಸ್‌ಚೇಂಜ್ ಪಾಠದಲ್ಲಿ ಬರೋ ಪೌಂಡು ‘ಕನ್ನಡ’ ಅನ್ನೋ ಪದದ ಮಧ್ಯೆ ಕೂತಿತ್ತು! ನುಡಿ ಫಾಂಟ್ ಇರೋ ಕಂಪ್ಯೂಟರಲ್ಲಿ ಇದು ಚಂದದ ಕನ್ನಡವಾಗಿ ಕಾಣುತ್ತೆ. ಇಲ್ಲದಿರೋ ಕಡೆ ಪಿ, ಪೌಂಡು, ಕ್ಯೂ.

ಇದರಲ್ಲಿ ಮಾಡಿದವರನ್ನ ಬೈಯೋಕೆ ಏನೂ ಇಲ್ಲ. ಕಿನ್ನಿಕಂಬಳ ಪದ್ಮನಾಭ ರಾವ್, ಅಂದ್ರೆ ಕೆ.ಪಿ. ರಾವ್, ಉಚ್ಚಾರಣೆಗೆ ತಕ್ಕ ಕೀಲಿಮಣೆ ಕೊಟ್ಟು ‘ಸೇಡಿಯಾಪು’ ತಂತ್ರಾಂಶವನ್ನ ಪುಕ್ಕಟೆ ಹಂಚಿದ್ರು. 1998ರಲ್ಲಿ ಶೇಷಾದ್ರಿ ವಾಸು ‘ಬರಹ’ ತಂದ್ರು. ಕನ್ನಡ ಗಣಕ ಪರಿಷತ್ತು ‘ನುಡಿ’ ಮಾಡ್ತು, ಸರ್ಕಾರಿ ಕಚೇರಿಗಳಿಗೆ ಅದೇ ಹೋಯ್ತು. ನಮ್ಮ ಜಿಲ್ಲೆಯವರೇ ಇದರಲ್ಲಿ ತಲೆ ಹಾಕಿದ್ರು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕಂಪ್ಯೂಟರಲ್ಲಿ ಕನ್ನಡ ಉಳೀಬೇಕು ಅಂತ ಬೆನ್ನು ಹತ್ತಿದ್ರು. ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಬಂದ ‘ಕುವೆಂಪು’ ತಂತ್ರಾಂಶದ ಹಿಂದೆ ಅವರಿದ್ದರು. ಕುವೆಂಪು ಹುಟ್ಟಿದ್ದು 1904ರಲ್ಲಿ ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, ಅಮ್ಮನ ತವರಲ್ಲಿ. ಸಾಫ್ಟ್‌ವೇರ್ ಹೆಸರಲ್ಲೂ ನಮ್ಮೂರು ಇದೆ ಅಂತ ಬೀಗಬಹುದು ಬೇಕಾದ್ರೆ.

ತೊಂದರೆ ಎಲ್ಲಿ ಅಂದ್ರೆ, ಖಾನೆ ತುಂಬೋದರಲ್ಲಿ ಒಬ್ಬರಿಗೊಬ್ಬರಿಗೆ ಹೊಂದಾಣಿಕೆ ಇರ್ಲಿಲ್ಲ. ಲಗ್ನಪತ್ರಿಕೆ ಮಾಡೋ ಡಿಟಿಪಿ ಅಂಗಡಿಯ ಶ್ರೀಲಿಪಿ ಒಂದು ಥರ, ಪ್ರಕಾಶಕ್ ಇನ್ನೊಂದು ಥರ, ನುಡಿ ಮತ್ತೊಂದು. ಒಂದರಲ್ಲಿ ಮಾಡಿದ್ದನ್ನ ಸೆಲೆಕ್ಟ್ ಮಾಡಿ ಇನ್ನೊಂದರ ಫಾಂಟ್ ಹಾಕಿದ್ರೆ ಅಕ್ಷರ ಕಲಸಿ ಚಿತ್ರಾನ್ನ.

ಭಾಗ 4

ಇದೇ ಹೊತ್ತಿಗೆ ಹೊರಗೆ ವೆಬ್ ಬೆಳೀತಾ ಇತ್ತು. ಅಲ್ಲಿ ಇನ್ನೊಂದು ತಲೆನೋವು. ಪೇಜಲ್ಲಿ ಅಕ್ಷರದ ಬಣ್ಣ, ಗಾತ್ರ, ಫಾಂಟ್ ಬದಲಿಸೋಕೆ ಪ್ರತಿ ಪ್ಯಾರಾಕ್ಕೂ ‘ಫಾಂಟ್’ ಅನ್ನೋ ಟ್ಯಾಗ್ ಬೇರೆ ಬೇರೆ ಹಾಕಬೇಕಿತ್ತು. 50 ಪ್ಯಾರಾ ಇದ್ರೆ 50 ಸಲ. ನಾಳೆ ಮನಸ್ಸು ಬದಲಾದ್ರೆ ಮತ್ತೆ 50 ಸಲ. ಒಂದು ಕಡೆ ಮರೆತ್ರೂ ಪೇಜ್ ತೇಪೆ ಹಾಕಿದ ಕಂಬಳಿ.

1994ರ ಅಕ್ಟೋಬರಲ್ಲಿ ನಾರ್ವೆಯ ಹೋಕನ್ ವಿಯುಮ್ ಲೀ ಒಂದು ಪ್ರಸ್ತಾವ ಮುಂದಿಟ್ಟರು. ಆಗ ಅವರು ವೆಬ್ ಹುಟ್ಟಿದ ಸರ್ನ್ ಸಂಸ್ಥೆಯಲ್ಲಿದ್ದರು. ಪೇಜಲ್ಲಿ ಏನಿದೆ ಅನ್ನೋದು ಒಂದು ಕಡೆ ಇರಲಿ, ಅದು ಹೇಗೆ ಕಾಣಬೇಕು ಅನ್ನೋದು ಇನ್ನೊಂದು ಕಡೆ ಇರಲಿ ಅಂತ. ಡಚ್ಚಿನ ಬರ್ಟ್ ಬಾಸ್ ಜೊತೆಯಾದ್ರು. 1996ರ ಡಿಸೆಂಬರ್ 17ಕ್ಕೆ ಸಿಎಸ್ಎಸ್ ಮೊದಲ ಆವೃತ್ತಿ ಅಧಿಕೃತವಾಯ್ತು. ರೈಸ್ ಸಂಪುಟ ನೆನಪಾಗ್ತಿದೆಯಲ್ವಾ? ಅಕ್ಷರ ಯಾವುದು ಅನ್ನೋದು ಬೇರೆ, ಹೇಗೆ ಕಾಣುತ್ತೆ ಅನ್ನೋದು ಬೇರೆ.

ಸಿಎಸ್ಎಸ್‌ನ ಮೊದಲ ‘ಸಿ’ ಅಂದ್ರೆ ಕ್ಯಾಸ್ಕೇಡ್. ಕಿಗ್ಗದ ಹತ್ರ ಸಿರಿಮನೆ ಅಬ್ಬಿ ನೋಡಿದೀರಲ್ಲ, ಬಂಡೆಯಿಂದ ಬಂಡೆಗೆ ಇಳಿಯುತ್ತಲ್ಲ, ಅದೇ ಆ ಪದದ ಅರ್ಥ. ಬ್ರೌಸರ್‌ಗೆ ತನ್ನದೇ ಒಂದು ನಿಯಮ ಇರುತ್ತೆ. ಅದರ ಮೇಲೆ ಓದುಗರ ಆಯ್ಕೆ, ಅದರ ಮೇಲೆ ಪೇಜ್ ಮಾಡಿದವರ ನಿಯಮ. ಒಂದರ ಮೇಲೊಂದು ಬಿದ್ದು ಕೊನೆಗೆ ಯಾವುದು ನಿಲ್ಲುತ್ತೋ ಅದು ಕಾಣುತ್ತೆ.

ಪೂರ್ತಿ ಪೇಜಿಗೆ ಒಂದೇ ಫಾಂಟ್ ಹೋಗೋದು ಹೇಗೆ ಅನ್ನೋದು ಬಿಕಾಂನವರಿಗೆ ಬೇಗ ಅರ್ಥ ಆಗುತ್ತೆ. ಟ್ಯಾಕ್ಸ್ ಕ್ಲಾಸಲ್ಲಿ ಹಿಂದೂ ಅವಿಭಕ್ತ ಕುಟುಂಬ ಓದಿದೀರಲ್ಲ? ಪೇಜಿನ ಹೊರಗಿನ ದೊಡ್ಡ ಡಬ್ಬಿಯ ಹೆಸರು ‘ಬಾಡಿ’. ಅದೇ ಕರ್ತ. ಬಾಡಿಯ ಹೆಸರಲ್ಲಿ ‘ಫಾಂಟ್-ಫ್ಯಾಮಿಲಿ’ ಅಂತ ಒಂದು ಸಾಲು ಬರೆದ್ರೆ ಒಳಗಿರೋ ಶೀರ್ಷಿಕೆ, ಪ್ಯಾರಾ, ಪಟ್ಟಿ ಎಲ್ಲದಕ್ಕೂ ಅದು ಪಿತ್ರಾರ್ಜಿತವಾಗಿ ಹೋಗುತ್ತೆ. ಒಬ್ಬೊಬ್ಬರಿಗೆ ಹೇಳಬೇಕಿಲ್ಲ. ಆದರೆ ಎಲ್ಲ ಮನೆಯಲ್ಲೂ ಪಾಲಾಗಿ ಹೋದ ದಾಯಾದಿಗಳು ಇರ್ತಾರೆ. ಇಲ್ಲಿ ಬಟನ್ ಮತ್ತು ಹೆಸರು-ನಂಬರ್ ತುಂಬೋ ಬಾಕ್ಸುಗಳು ಹಾಗೆ. ಬ್ರೌಸರ್ ಅವಕ್ಕೆ ಮೊದಲೇ ಬೇರೆ ಫಾಂಟ್ ಹಂಚಿರುತ್ತೆ. ಪೇಜೆಲ್ಲ ಚಂದ ಇದ್ದು ‘ಸಲ್ಲಿಸಿ’ ಅನ್ನೋ ಬಟನ್ ಮಾತ್ರ ಬೇರೆ ಮುಖ ಮಾಡ್ಕೊಂಡು ಕೂತಿರೋದನ್ನ ಎಷ್ಟೋ ಕಡೆ ನೋಡಿರ್ತೀರಿ. ಕಾರಣ ಇದೇ. ‘ಫಾಂಟ್: ಇನ್‌ಹೆರಿಟ್’ ಅಂತ ಅವಕ್ಕೆ ಪ್ರತ್ಯೇಕ ಹೇಳಿದ್ರೆ ವಾಪಸ್ ಮನೆಗೆ ಬರ್ತಾವೆ.

ಆ ಸಾಲಲ್ಲಿ ಒಂದೇ ಫಾಂಟ್ ಹೆಸರು ಬರೆಯಲ್ಲ, ಮೂರು-ನಾಲ್ಕು ಬರೀತಾರೆ. ಮೊದಲನೇದು ಇಲ್ಲದಿದ್ರೆ ಎರಡನೇದು, ಅದೂ ಇಲ್ಲದಿದ್ರೆ ಮೂರನೇದು. ಈ ಹುಡುಕಾಟ ಪೇಜಿಗೆ ಒಂದು ಸಲ ಅಲ್ಲ, ಒಂದೊಂದು ಅಕ್ಷರಕ್ಕೂ ನಡೆಯುತ್ತೆ. ಹಾಗಾಗಿ ಒಂದೇ ಸಾಲಲ್ಲಿ ಇಂಗ್ಲಿಷ್ ಒಂದು ಫಾಂಟಿಂದ, ಕನ್ನಡ ಇನ್ನೊಂದರಿಂದ ಬಂದು ಒಂದು ದೊಡ್ಡದು ಒಂದು ಸಣ್ಣದು ಕಾಣಬಹುದು. ಸಾಲುಗಳ ನಡುವಿನ ಜಾಗವೂ ಅಷ್ಟೆ. ಇಂಗ್ಲಿಷಿಗೆ ಲೆಕ್ಕ ಹಾಕಿಟ್ಟ ಜಾಗದಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಬರೆದ್ರೆ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತೆ. ಇನ್ನೊಂದು, ಕನ್ನಡವನ್ನ ಇಟಾಲಿಕ್ ಮಾಡಿ ಓರೆ ಮಾಡೋದು ನನಗಂತೂ ಹಿಡಿಸಲ್ಲ. ಬಹಳಷ್ಟು ಕನ್ನಡ ಫಾಂಟಲ್ಲಿ ಇಟಾಲಿಕ್ ಇರೋದೇ ಇಲ್ಲ. ಬ್ರೌಸರ್ ಸುಮ್ನೆ ಅಕ್ಷರವನ್ನ ಬಗ್ಗಿಸುತ್ತೆ, ಗಾಳಿಗೆ ಓಲಾಡೋ ಅಡಿಕೆ ಮರದ ಹಾಗೆ.

ಭಾಗ 5

ಈಗ ಎರಡನ್ನೂ ಸೇರಿಸಿ ನೋಡಿ. ಒಂದು ಕಡೆ ಸಿಎಸ್ಎಸ್, ‘ಫಾಂಟ್ ಅಂದ್ರೆ ಬರೀ ನೋಟ, ಇಲ್ಲದಿದ್ರೆ ಇನ್ನೊಂದು ಹಾಕ್ತೀನಿ’ ಅನ್ನುತ್ತೆ. ಇನ್ನೊಂದು ಕಡೆ ನಮ್ಮ ಪೇಜು, ಅಲ್ಲಿ ಫಾಂಟೇ ಅಕ್ಷರ. ಎರಡನೇ ಫಾಂಟಿಗೆ ಹೋದ ಕ್ಷಣ ಪಿ, ಪೌಂಡು, ಕ್ಯೂ. ಸಿಎಸ್ಎಸ್‌ನ ಅತ್ಯಂತ ಒಳ್ಳೆಯ ಗುಣ ಕನ್ನಡಕ್ಕೆ ಉಪಯೋಗಕ್ಕೆ ಬರ್ಲಿಲ್ಲ.

ಅದಕ್ಕೆ ಆಗಿನ ಕನ್ನಡ ಜಾಲತಾಣಗಳಲ್ಲಿ ‘ಫಾಂಟ್ ಡೌನ್‌ಲೋಡ್ ಮಾಡ್ಕೊಳ್ಳಿ’ ಅನ್ನೋ ಲಿಂಕ್ ಇರ್ತಿತ್ತು. ಒಂದೊಂದು ಪತ್ರಿಕೆಗೆ ಒಂದೊಂದು ಫಾಂಟ್. ಸೈಬರ್ ಸೆಂಟರ್‌ನ ಕಂಪ್ಯೂಟರಲ್ಲಿ ಅದನ್ನ ಹಾಕೋಕೆ ಮಾಲೀಕರು ಬಿಡಬೇಕಲ್ಲ! ಫಾಂಟನ್ನ ಪೇಜ್ ಜೊತೆಗೇ ಕಳಿಸೋ ಉಪಾಯ 1997ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 4ರಲ್ಲೇ ಇತ್ತು, ಆದರೆ ಅದರ ಫಾಂಟ್ ಫೈಲ್ ಬೇರೆ ಬ್ರೌಸರ್ ಓದ್ತಿರ್ಲಿಲ್ಲ. ಗೂಗಲಲ್ಲಿ ಕನ್ನಡದಲ್ಲಿ ಹುಡುಕಿದ್ರೆ ಆ ಪೇಜುಗಳು ಸಿಗ್ತಿರ್ಲಿಲ್ಲ. ಯಾಕೆ ಸಿಗಬೇಕು? ಯಂತ್ರದ ಲೆಕ್ಕಕ್ಕೆ ಅವುಗಳಲ್ಲಿ ಕನ್ನಡವೇ ಇಲ್ಲ.

ಗಂಟು ಬಿಚ್ಚಿದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. 3200ರಿಂದ 3327ರವರೆಗೆ, ಒಟ್ಟು 128 ಮನೆ. ಅದರಲ್ಲಿ ‘ಕ’ಗೆ 3221. ಶಿವಮೊಗ್ಗದಲ್ಲಿ ಬರೆದ್ರೂ 3221, ಷಿಕಾಗೋದಲ್ಲಿ ಬರೆದ್ರೂ 3221. ಆ ಸಂಖ್ಯೆ ಅಕ್ಷರ ಯಾವುದು ಅಂತ ಹೇಳುತ್ತೆ, ಹೇಗೆ ಕಾಣಬೇಕು ಅಂತ ಹೇಳಲ್ಲ. ಒತ್ತು ಎಲ್ಲಿ ಕೂರಬೇಕು, ತಲೆಕಟ್ಟು ಹೇಗೆ ತಿರುಗಬೇಕು ಅನ್ನೋದು ಫಾಂಟಿನ ಕೆಲಸ.

ಆದರೆ ಮನೆ ನಂಬರ್ ಸಿಕ್ಕ ಮಾತ್ರಕ್ಕೆ ಮನೆ ಕಟ್ಟಿದ ಹಾಗಾಗಲ್ಲ. ವಿಂಡೋಸಲ್ಲಿ ತುಂಗಾ ಬರೋಕೆ 10 ವರ್ಷ ಹಿಡೀತು. ಆಂಡ್ರಾಯ್ಡ್ ಫೋನಲ್ಲಿ ಕನ್ನಡ ಬಂದಿದ್ದು 2012ರ ಜೆಲ್ಲಿ ಬೀನ್ ಆವೃತ್ತಿಗೆ. ಅದಕ್ಕೂ ಮುಂಚಿನ ಫೋನಲ್ಲಿ ಕನ್ನಡ ಮೆಸೇಜ್ ಅಂದ್ರೆ ಸಾಲು ಸಾಲು ಖಾಲಿ ಚೌಕ. ಪೇಜ್ ಜೊತೆ ಫಾಂಟ್ ಕಳಿಸೋದೂ 2009ರ ಆಸುಪಾಸಿಗೆ ಫೈರ್‌ಫಾಕ್ಸ್ ಮುಂತಾದವುಗಳಲ್ಲಿ ಸಲೀಸಾಯ್ತು. 2010ಕ್ಕೆ ಗೂಗಲ್ ಫಾಂಟ್ಸ್ ಶುರುವಾಯ್ತು. ಈಗ ಅಲ್ಲಿ ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ, ಅನೇಕ್ ಕನ್ನಡ, ಅಕಾಯ ಕನ್ನಡಕ ಎಲ್ಲ ಪುಕ್ಕಟೆ. (‘ಬೆಣ್ಣೆ’ ಅಂತ ಫಾಂಟಿಗೆ ಹೆಸರಿಟ್ಟವರಿಗೆ ಒಂದು ನೀರುದೋಸೆ ನನ್ನ ಲೆಕ್ಕದಲ್ಲಿ.) ಆಪಲ್‌ನವರ ‘ಕನ್ನಡ ಸಂಗಮ್ ಎಂಎನ್’ ಮಾಡಿದ್ದು ಮಲೇಷ್ಯಾದ ಮುತ್ತು ನೆಡುಮಾರನ್. ಹೆಸರಿನ ಕೊನೆಯ ಎಂಎನ್ ಅವರ ಇನಿಷಿಯಲ್ಲೇ.

ಈಗ ಬಾಡಿಗೆ ಆ ಒಂದು ಸಾಲು ಬರೆದ್ರೆ ಕನ್ನಡ ಪೇಜೂ ಇಂಗ್ಲಿಷ್ ಪೇಜಿನಷ್ಟೇ ಸಲೀಸು. ಮೊದಲ ಫಾಂಟ್ ಸಿಗದಿದ್ರೆ ಎರಡನೇದು ಬರುತ್ತೆ, ಓದೋಕೆ ಏನೂ ತೊಂದರೆ ಇಲ್ಲ.

ಭಾಗ 6

ಹಾಗಾದ್ರೆ ಇದನ್ನೆಲ್ಲ ಈಗ ಯಾಕೆ ಕೊರೀತಿದೀನಿ? ಹಳೇದು ಇನ್ನೂ ಮುಗಿದಿಲ್ಲ ಅದಕ್ಕೆ.

ಪ್ರಾಜೆಕ್ಟ್‌ಗೆ ಅಂತ ನಮ್ಮ ಕಡೆಯ ಒಂದು ಸಹಕಾರ ಸಂಘದ ಹಳೇ ವಾರ್ಷಿಕ ವರದಿ ಕೇಳಿದ್ದೆ. ಪಾಪ, ಹುಡುಕಿ ಪೆನ್‌ಡ್ರೈವಿಗೆ ಹಾಕಿ ಕೊಟ್ರು. ತೆರೆದು ನೋಡಿದ್ರೆ ಅಢಾವೆ ಪತ್ರಿಕೆಯ ಅಂಕಿಗಳೆಲ್ಲ ಸ್ಪಷ್ಟ ಕಾಣ್ತಿದ್ವು, ಪಕ್ಕದ ಹೆಸರುಗಳು ಮಾತ್ರ ಪೌಂಡು, ಕ್ಯೂ. ಕಾರಣ ಸರಳ. ನುಡಿ ಫಾಂಟುಗಳಲ್ಲಿ ಹೆಸರಿನ ಕೊನೆಗೆ ‘ಇ’ ಇರೋವು ಇಂಗ್ಲಿಷ್ ಅಂಕಿಯವು. ಅಂಕಿ ಅಂಕಿಯ ಖಾನೆಯಲ್ಲೇ ಇರುತ್ತೆ, ಹಾಗಾಗಿ ಯಾವ ಫಾಂಟಲ್ಲೂ ಕೆಡಲ್ಲ. ಯೋಚನೆ ಮಾಡಿ, ಲಕ್ಷಗಟ್ಟಲೆ ರೂಪಾಯಿ ಕಾಣುತ್ತೆ, ಆದರೆ ಅದು ಷೇರು ಬಂಡವಾಳವೋ ಮೀಸಲು ನಿಧಿಯೋ ಸುಸ್ತಿ ಸಾಲವೋ ಗೊತ್ತಾಗಲ್ಲ! ಆಡಿಟರ್ ಕನಸಲ್ಲೂ ಬರಬಾರದ ಲೆಡ್ಜರ್ ಅದು.

ಮತ್ತೆ ನುಡಿ ಫಾಂಟ್ ಹಾಕಿದ ಮೇಲೆ ಎಲ್ಲ ಸರಿ ಕಂಡಿತು. ಆದರೆ ಪಂಚಾಯ್ತಿ, ಸೊಸೈಟಿ, ಯಕ್ಷಗಾನ ಮಂಡಳಿ, ಊರ ದೇವಸ್ಥಾನದ ಸಮಿತಿ, ಯಾರ್ಯಾರ ಮನೆಯ ಸಿಡಿಯಲ್ಲಿ ಇಂಥ ಎಷ್ಟು ಕನ್ನಡ ಕೂತಿದೆಯೋ. ತೆರೆದವರು ‘ಫೈಲ್ ಕರಪ್ಟ್ ಆಗಿದೆ’ ಅಂತ ಅಳಿಸಿಬಿಟ್ರೆ ಮುಗೀತು. ಕಲ್ಲಾದ್ರೂ ಮಳೆಯಲ್ಲಿ ನಿಂತಿರುತ್ತೆ.

ಇಲ್ಲಿ ಒಂದು ವಿಷಯ ನೆನಪಿಡಿ. ಇಂಥ ಫೈಲನ್ನ ಸೆಲೆಕ್ಟ್ ಮಾಡಿ ತುಂಗಾಕ್ಕೋ ನೋಟೋಗೋ ಬದಲಿಸಿದ್ರೆ ಪ್ರಯೋಜನ ಇಲ್ಲ. ನೋಟ ಬದಲಿಸೋದಲ್ಲ, ಒಳಗಿನ ಅಕ್ಷರವನ್ನೇ ಬದಲಿಸಬೇಕು. ಅದಕ್ಕೆ ಆಸ್ಕಿಯಿಂದ ಯೂನಿಕೋಡಿಗೆ ತರೋ ಪರಿವರ್ತಕಗಳಿವೆ, ನುಡಿ, ಬರಹ ಎರಡರಲ್ಲೂ ಇದೆ. ಮಾಡಿದ ಮೇಲೆ ಅರ್ಕಾವೊತ್ತು ಇರೋ ಪದಗಳನ್ನ ಕಣ್ಣಾಡಿಸಿ. ಹಳೇ ಫಾಂಟಲ್ಲಿ ಅರ್ಕಾವೊತ್ತು ಕಾಣೋ ಕ್ರಮದಲ್ಲಿ, ಅಂದ್ರೆ ಅಕ್ಷರದ ಆಮೇಲೆ ಕೂತಿರುತ್ತೆ. ಯೂನಿಕೋಡಲ್ಲಿ ಉಚ್ಚಾರಣೆಯ ಕ್ರಮ, ‘ಸೂರ್ಯ’ದಲ್ಲಿ ರ ಮೊದಲು ಯ ಆಮೇಲೆ. ಜಾಗ ಬದಲಿಸುವಾಗ ಎಡವೋ ಸಾಧ್ಯತೆ ಅಲ್ಲೇ ಜಾಸ್ತಿ. ಹಾಗೇ ಅರ್ಕಾವೊತ್ತಿನ ಬದಲು ಒಂಬತ್ತರ ಅಂಕಿ ಹಾಕಿ ‘ಸೂಯ೯’ ಅಂತ ಬರೆಯೋ ಅಭ್ಯಾಸ ಇದ್ರೆ ಬಿಡಿ. ನೋಡೋಕೆ ಸರಿ, ಆದರೆ ಹುಡುಕಿದ್ರೆ ಸಿಗಲ್ಲ. ಅದು ಸೂಯ-ಒಂಬತ್ತು.

ಬಯೋದಲ್ಲಿ ಸ್ಟೈಲಿಶ್ ಇಂಗ್ಲಿಷ್ ಹಾಕ್ತೀರಲ್ಲ, ಬಳ್ಳಿ ಬಳ್ಳಿ ಅಕ್ಷರ, ಅದೂ ಇದೇ ಜಾತಿ. ಅದು ಫಾಂಟ್ ಅಲ್ಲ, ಗಣಿತದವರಿಗೆ ಅಂತ 2001ರಲ್ಲಿ ಯೂನಿಕೋಡ್ ಕೊಟ್ಟ ಚಿಹ್ನೆಗಳು. ಕಣ್ಣು ಕಾಣದವರು ಬಳಸೋ ಸ್ಕ್ರೀನ್ ರೀಡರ್ ಅಲ್ಲಿ ತಡವರಿಸುತ್ತೆ. ಕನ್ನಡಕ್ಕೆ ಅಂಥ ಚಿಹ್ನೆಗಳಿಲ್ಲ. ಹಾಗಾಗಿ ಈ ಕ್ಯಾಪ್ಷನ್ ನಿಮ್ಮ ಫೋನಲ್ಲಿ ಯಾವ ಕನ್ನಡ ಫಾಂಟ್ ಇದೆಯೋ ಅದರಲ್ಲೇ ಕಾಣುತ್ತೆ. ಪಕ್ಕದವರ ಐಫೋನ್ ಇಸ್ಕೊಂಡು ಎರಡನ್ನೂ ಹತ್ರ ಇಟ್ಟು ನೋಡಿ, ‘ಕ’ದ ಮುಖ ಬೇರೆ ಇದ್ರೂ ನಂಬರ್ ಮಾತ್ರ ಅದೇ 3221.

ಮನೆಯ ಹಳೇ ಸಿಡಿ, ಅಪ್ಪನ ಹಳೇ ಲ್ಯಾಪ್‌ಟಾಪ್, ಸಂಘದ ಬೀರು ಒಂದು ಸಲ ನೋಡಿ. ತೆರೆದಾಗ ಪೌಂಡ್ ಚಿಹ್ನೆ ಕಂಡ್ರೆ ಡಿಲೀಟ್ ಮಾಡ್ಬೇಡಿ. ನಂಗೆ ಮೆಸೇಜ್ ಮಾಡಿ, ಕೂತು ಪರಿವರ್ತನೆ ಮಾಡೋಣ.

#ಕನ್ನಡಫಾಂಟ್ #ಕೊಪ್ಪ #ಶೃಂಗೇರಿ #ಎನ್‌ಆರ್‌ಪುರ